ಹದಿನಾರು ಸ್ವಿಚ್, ಐವತ್ತನಾಲ್ಕು ಸೊನ್ನೆ

ಜೀನುಗಳಿಂದ ಮಾಡಿದ 16 ಸ್ವಿಚ್‌ಗಳು ಕೈಯಲ್ಲಿದ್ದರೆ ಎಷ್ಟು ಬಗೆಯ ಸರ್ಕ್ಯೂಟ್ ಕಟ್ಟಬಹುದು? ಅಮೆರಿಕದ ಎಂಐಟಿಯಲ್ಲಿ ಕ್ರಿಸ್ಟೊಫರ್ ವಾಯ್ಟ್ ಅವರ ತಂಡ 2014ರಲ್ಲಿ ಹಾಕಿದ ಲೆಕ್ಕದ ಪ್ರಕಾರ, 1ರ ಮುಂದೆ 54 ಸೊನ್ನೆ ಬರೆದರೆ ಆಗುವ ಸಂಖ್ಯೆಗಿಂತಲೂ ಹೆಚ್ಚು. ಇಡೀ ಭೂಮಿಯ ಪರಮಾಣುಗಳನ್ನು ಎಣಿಸಿದರೂ ಸೊನ್ನೆಗಳು 50ರ ಆಸುಪಾಸಿನಲ್ಲೇ ನಿಲ್ಲುತ್ತವೆ. ಒಂದೊಂದು ಪರಮಾಣುವಿಗೂ ಸಾವಿರಾರು ಸರ್ಕ್ಯೂಟ್ ಹಂಚಿದರೂ ಮುಗಿಯದು!

ಈ ಸ್ವಿಚ್ಚೇ ಜೆನೆಟಿಕ್ ಇನ್ವರ್ಟರ್. ಅದರ ಕೆಲಸ ಒಂದೇ, ತಿರುಗುಮುರುಗು ಮಾಡುವುದು. ಒಳಬರುವ ಸಂಕೇತ ಏರಿದರೆ ರಿಪ್ರೆಸರ್ ಎಂಬ ಪ್ರೋಟೀನ್ ತಯಾರಾಗುತ್ತದೆ. ಅದು ಡಿಎನ್‌ಎಯ ಗೊತ್ತಾದ ಜಾಗದಲ್ಲಿ ಕೂತು ಮುಂದಿನ ಜೀನನ್ನು ಆರಿಸುತ್ತದೆ. ಸಂಕೇತ ಇಳಿದರೆ ಆ ಜೀನ್ ಮತ್ತೆ ಎಚ್ಚರಗೊಳ್ಳುತ್ತದೆ. ಇಷ್ಟೆಲ್ಲ ನಡೆಯುವುದು ಸುಮಾರು 2 ಮೈಕ್ರೋಮೀಟರ್ ಉದ್ದದ ಇ. ಕೋಲೈ ಬ್ಯಾಕ್ಟೀರಿಯಾದೊಳಗೆ. ಅಲ್ಲಿ ಲಕ್ಷಗಟ್ಟಲೆ ಪ್ರೋಟೀನ್‌ಗಳ ನೂಕುನುಗ್ಗಲು. ಆ ಗದ್ದಲದ ನಡುವೆ ರಿಪ್ರೆಸರ್, 46 ಲಕ್ಷ ಅಕ್ಷರಗಳ ಡಿಎನ್‌ಎಯಲ್ಲಿ ತನಗೆ ಬೇಕಾದ ಇಪ್ಪತ್ತು ಮೂವತ್ತು ಅಕ್ಷರಗಳ ಜಾಗವನ್ನು ಹುಡುಕಿ ಹಿಡಿಯಬೇಕು.

ಹಿಡಿಯಿತೇ ಎಂದು ತಿಳಿಯಲು ಹೊಳೆಯುವ ಪ್ರೋಟೀನಿನ ಜೀನನ್ನು ಇನ್ವರ್ಟರಿನ ತುದಿಗೆ ಜೋಡಿಸುತ್ತಾರೆ. ಸಂಕೇತವಾಗಿ ಕೊಡುವ ರಾಸಾಯನಿಕದ ಪ್ರಮಾಣವನ್ನು ಸೊನ್ನೆಯಿಂದ ಮೆಲ್ಲಗೆ ಏರಿಸುತ್ತ, ಪ್ರತಿ ಹಂತದಲ್ಲೂ ಬ್ಯಾಕ್ಟೀರಿಯಾಗಳನ್ನು ಒಂದೊಂದಾಗಿ ಲೇಸರ್ ಕಿರಣದ ಮುಂದೆ ಹಾಯಿಸುತ್ತಾರೆ. ಯಂತ್ರ ಸೆಕೆಂಡಿಗೆ ಸಾವಿರಾರು ಕೋಶಗಳ ಹೊಳಪು ಅಳೆಯುತ್ತದೆ. ಕೋಶಗಳು ಸಾಲದೆ ಹೋಗುವ ಪ್ರಶ್ನೆಯೇ ಇಲ್ಲ: ಚೆನ್ನಾಗಿ ಬೆಳೆದ ಒಂದು ಮಿಲಿಲೀಟರ್ ದ್ರವದಲ್ಲಿ ಸುಮಾರು 100 ಕೋಟಿ ಬ್ಯಾಕ್ಟೀರಿಯಾ ಇರುತ್ತವೆ, ಪ್ರತಿಯೊಂದರಲ್ಲೂ ಅದೇ ಇನ್ವರ್ಟರ್.

ವೇಗದಲ್ಲಿ ಮಾತ್ರ ಇದು ಆಮೆ. ಕಂಪ್ಯೂಟರ್ ಚಿಪ್ಪಿನ ಇನ್ವರ್ಟರ್ ಸೆಕೆಂಡಿನ ಲಕ್ಷ ಕೋಟಿ ಭಾಗಗಳಲ್ಲಿ ಕೆಲವೇ ಭಾಗಗಳೊಳಗೆ ಮಗ್ಗುಲು ಬದಲಿಸುತ್ತದೆ. ಬ್ಯಾಕ್ಟೀರಿಯಾದ್ದಕ್ಕೆ ಹತ್ತಾರು ನಿಮಿಷ, ಕೆಲವೊಮ್ಮೆ ಗಂಟೆಗಳೇ ಬೇಕು. ಹಳೆಯ ರಿಪ್ರೆಸರ್ ಕರಗದೆ ಉಳಿದರೆ, ಕೋಶ ಒಡೆದು ಎರಡಾಗಿ, ನಾಲ್ಕಾಗಿ ಅದು ತೆಳುವಾಗುವ ತನಕ ಕಾಯಬೇಕು. 2000ದಲ್ಲಿ ವಿಜ್ಞಾನಿಗಳಾದ ಎಲೊವಿಟ್ಸ್ ಮತ್ತು ಲೈಬ್ಲರ್ ಮೂರು ರಿಪ್ರೆಸರ್‌ಗಳನ್ನು ವರ್ತುಲವಾಗಿ ಜೋಡಿಸಿದಾಗ ಬ್ಯಾಕ್ಟೀರಿಯಾ ಮಿನುಗಿ ಆರಿ ಮತ್ತೆ ಮಿನುಗಲು ಸುಮಾರು 160 ನಿಮಿಷ ಹಿಡಿಯಿತು.

ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಆ 54 ಸೊನ್ನೆಗಳ ಹಿಂದಿನ ಜರಡಿ. ವಾಯ್ಟ್ ತಂಡ ಬೇರೆ ಬೇರೆ ಸೂಕ್ಷ್ಮಜೀವಿಗಳ ಜೀನೋಮ್ ಜಾಲಾಡಿ 73 ರಿಪ್ರೆಸರ್‌ಗಳನ್ನು ಕಲೆಹಾಕಿತ್ತು. ಪ್ರತಿಯೊಂದೂ ತನ್ನ ಜಾಗವನ್ನು ಗಟ್ಟಿಯಾಗಿ ಹಿಡಿದರಷ್ಟೇ ಸಾಲದು, ಇನ್ನೊಂದರ ಜಾಗಕ್ಕೆ ಕೈಹಾಕಲೂಬಾರದು. ಹೀಗೆ ಸೋಸಿದಾಗ ಉಳಿದದ್ದು 16. ಅವುಗಳಲ್ಲೂ ಸಮಾನತೆ ಇಲ್ಲ: ಒಂದು ಬೆಳಕನ್ನು 5 ಪಟ್ಟು ಇಳಿಸಿದರೆ, ಇನ್ನೊಂದು 207 ಪಟ್ಟು.

ಸರ್ಕ್ಯೂಟಿನಲ್ಲಿ ಒಂದು ಇನ್ವರ್ಟರಿನ ಹೊರಹರಿವು ಮುಂದಿನದರ ಒಳಹರಿವಿಗೆ ಹೊಂದದಿದ್ದರೆ ಇಡೀ ಸರಪಳಿ ಕೆಡುತ್ತದೆ. ಆದ್ದರಿಂದಲೇ ಒಂದೊಂದು ಇನ್ವರ್ಟರಿನ ಅಳತೆಗೂ ಅಷ್ಟು ಬೆಲೆ. 2016ರಲ್ಲಿ ಇದೇ ತಂಡ ಆ ಅಳತೆಗಳನ್ನು ಸೆಲ್ಲೋ ಎಂಬ ತಂತ್ರಾಂಶಕ್ಕೆ ಉಣಿಸಿತು. ಅದು 60 ಸರ್ಕ್ಯೂಟ್ ವಿನ್ಯಾಸ ಮಾಡಿತು, ಒಟ್ಟು 8.8 ಲಕ್ಷ ಅಕ್ಷರಗಳ ಡಿಎನ್‌ಎ. ಕಟ್ಟಿ ನೋಡಿದರೆ 45 ಸರ್ಕ್ಯೂಟ್‌ಗಳು ಸಂಕೇತಗಳ ಎಲ್ಲ ಸ್ಥಿತಿಯಲ್ಲೂ ಸರಿಯಾಗಿ ನಡೆದವು. 60ರ ಎಲ್ಲ 412 ಸ್ಥಿತಿಗಳನ್ನು ಪರೀಕ್ಷಿಸಿದಾಗ ತಂತ್ರಾಂಶ ಮೊದಲೇ ಹೇಳಿದಂತೆ ನಡೆದದ್ದು ಶೇ. 92.