ಆರು ತಂತಿಗಳ ಮೇಲೆ ನುಡಿ

ಮೇಜಿನ ಮೇಲೊಂದು ಬಿಳಿ ಬ್ರೆಡ್‌ಬೋರ್ಡ್. ಅದರ ನಡುವಿನ ಸೀಳಿಗೆ ಅಡ್ಡಲಾಗಿ 28 ಕಾಲುಗಳ ಕಪ್ಪು ಚಿಪ್ ಊರಿಕೊಂಡಿದೆ. ಬೆನ್ನಿನ ಮೇಲೆ ಮಾಸಿದ ಅಚ್ಚು: ಎಸ್‌ಪಿ0256-ಎಎಲ್2. ಅಮೆರಿಕದ ಜನರಲ್ ಇನ್‌ಸ್ಟ್ರುಮೆಂಟ್ ಕಂಪನಿಯ ಈ ಚಿಪ್ 1980ರ ದಶಕದಲ್ಲಿ ರೇಡಿಯೋ ಶ್ಯಾಕ್ ಅಂಗಡಿಗಳಲ್ಲಿ ಹವ್ಯಾಸಿಗಳ ಕೈಗೆ ಸಿಗುತ್ತಿತ್ತು. ಬ್ರಿಟನ್ನಿನ ಸ್ಪೆಕ್ಟ್ರಮ್ ಕಂಪ್ಯೂಟರಿಗೆ ಮಾತು ಬರಿಸಿದ ಕರ್ರಾ ಮೈಕ್ರೋಸ್ಪೀಚ್ ಪೆಟ್ಟಿಗೆಯೊಳಗೆ ಇದ್ದದ್ದೂ ಇದೇ. ಇವತ್ತು ಇದನ್ನು ಮಾತಾಡಿಸುತ್ತಿರುವುದು ಪಕ್ಕದಲ್ಲಿರುವ ನೀಲಿ ಬೋರ್ಡ್, ಆರ್ಡುಯಿನೊ ಉನೊ.

ಎರಡರ ನಡುವೆ ಬಣ್ಣಬಣ್ಣದ ಜಂಪರ್ ವೈರುಗಳು. ಅವುಗಳಲ್ಲಿ ಆರು ಸಾಲಾಗಿ ಹೋಗಿವೆ. ಒಂದೊಂದರ ಮೇಲೂ ವೋಲ್ಟೇಜ್ ಇರಬಹುದು, ಇಲ್ಲದಿರಬಹುದು. ಒಟ್ಟು 64 ಜೋಡಣೆಗಳು. ಅಷ್ಟೇ ಈ ಚಿಪ್ಪಿನ ವರ್ಣಮಾಲೆ. 59 ಸಂಖ್ಯೆಗಳಿಗೆ ಒಂದೊಂದು ಧ್ವನಿ, ಉಳಿದ ಐದಕ್ಕೆ ಬೇರೆಬೇರೆ ಉದ್ದದ ಮೌನ. ಆರ್ಡುಯಿನೊ 27 ಎಂದರೆ ‘ಹ’, 45 ಎಂದರೆ ‘ಲ’, 16 ಎಂದರೆ ‘ಮ’.

ತಂತಿಗಳ ಮೇಲೆ ಸಂಖ್ಯೆ ಇಟ್ಟ ಮಾತ್ರಕ್ಕೆ ಆಜ್ಞೆ ಆಗುವುದಿಲ್ಲ. ಏಳನೆಯದೊಂದು ತಂತಿ ಇದೆ, ಹೆಸರು ಎಎಲ್‌ಡಿ. ಆರ್ಡುಯಿನೊ ಅದರ ವೋಲ್ಟೇಜನ್ನು ಒಂದು ಗಳಿಗೆ ಕೆಳಗಿಳಿಸಿ ಮತ್ತೆ ಮೇಲೆತ್ತುತ್ತದೆ. ಆಗ ಚಿಪ್ ಆ ಸಂಖ್ಯೆಯನ್ನು ಒಳಗೆಳೆದುಕೊಂಡು, ತನ್ನ ಕಾಯಂ ಸ್ಮರಣೆಯಾದ ರೋಮ್‌ನಲ್ಲಿ ಆ ಧ್ವನಿಯ ವಿವರ ಹುಡುಕಿ, ಕಂಠನಾಳದ ಗಣಿತ ಮಾದರಿಯಾದ ಡಿಜಿಟಲ್ ಫಿಲ್ಟರಿನ ಮೂಲಕ ಹೊರಗೆ ಹಾಯಿಸುತ್ತದೆ. ಆಂಪ್ಲಿಫೈಯರ್ ದಾಟಿದ ಮೇಲೆ ಸ್ಪೀಕರಿನ ಕಾಗದ ನಡುಗುತ್ತದೆ.

ಎಂಟನೆಯ ತಂತಿಯದು ವಾಪಸು ದಾರಿ: ಎಲ್‌ಆರ್‌ಕ್ಯೂ. ಇಲ್ಲಿ ಮಾತಾಡುವುದು ಚಿಪ್, ಕೇಳಿಸಿಕೊಳ್ಳಬೇಕಾದದ್ದು ಆರ್ಡುಯಿನೊ. ಈ ತಂತಿ ಮೇಲಿದ್ದರೆ ‘ಬುಟ್ಟಿ ತುಂಬಿದೆ, ತಾಳು’. ಕೆಳಗಿಳಿದರೆ ‘ಮುಂದಿನದನ್ನು ಕೊಡು’. ರಾಗಿ ಗಿರಣಿಯಲ್ಲಿ ಮೇಲಿನ ಡಬ್ಬಿಯ ಕಾಳು ಇಳಿಯುವುದನ್ನು ನೋಡಿಕೊಂಡೇ ಮುಂದಿನ ಮೊರ ಸುರಿಯುವಂತೆ, ಒಂದು ಧ್ವನಿ ಹೊರಬರುತ್ತಿರುವಾಗಲೇ ಮುಂದಿನದು ಒಳಗೆ ಕಾದಿರುತ್ತದೆ. ಹಾಗಾಗಿಯೇ ಧ್ವನಿಗಳು ಬಿಡಿಬಿಡಿಯಾಗದೆ ಮಾತಾಗಿ ಹೆಣೆದುಕೊಳ್ಳುತ್ತವೆ.

ಈ ಕಾಯುವಿಕೆ ಎಷ್ಟು ದೊಡ್ಡದೆಂದು ಲೆಕ್ಕ ಹಾಕಿದರೆ ಬೆರಗಾಗುತ್ತದೆ. ಆರ್ಡುಯಿನೊದ ಗಡಿಯಾರ ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಮಿಡಿಯುತ್ತದೆ. ಚಿಪ್ಪಿನ ಅತಿ ಚಿಕ್ಕ ಮೌನ 10 ಮಿಲಿಸೆಕೆಂಡಿನದು. ಅಷ್ಟು ಮುಗಿಯುವುದರೊಳಗೆ ಆ ಗಡಿಯಾರ 1,60,000 ಸಲ ಮಿಡಿದಿರುತ್ತದೆ. ಅಷ್ಟೂ ಹೊತ್ತು ಆರ್ಡುಯಿನೊ ಒಂದೇ ತಂತಿಯನ್ನು ಮತ್ತೆ ಮತ್ತೆ ನೋಡುತ್ತದೆ: ಇಳಿಯಿತೇ? ಇಳಿಯಿತೇ? ತಾಳದೆ ಸಂಖ್ಯೆಗಳನ್ನು ಸುರಿದರೆ ನಡುವಿನ ಧ್ವನಿಗಳು ನುಂಗಿಹೋಗಿ, ಕೇಳುವವರಿಗೆ ಬರೀ ಗೊಣಗಾಟ ಉಳಿಯುತ್ತದೆ.

‘ನಮಸ್ಕಾರ’ ಹೇಳಿಸಬೇಕೆಂದರೆ ಕಳಿಸಬೇಕಾದ ಸಾಲು ಹೀಗೆ: 11, 15, 16, 15, 55, 2, 8, 24, 14, 15. ನಡುವಿನ 2 ಎಂಬುದು 50 ಮಿಲಿಸೆಕೆಂಡಿನ ಮೌನ. ‘ಕ’ ಎನ್ನುವ ಮುನ್ನ ನಮ್ಮ ನಾಲಿಗೆಯ ಹಿಂಭಾಗ ಮೇಲಕ್ಕೆ ಒತ್ತಿ ಉಸಿರನ್ನು ತಡೆಯುತ್ತದಲ್ಲ, ಆ ತಡೆ ಇದು. ಇದನ್ನು ಬಿಟ್ಟರೆ ‘ಕ’ ಮಸುಕಾಗುತ್ತದೆ. ಮೌನವನ್ನೂ ಆಜ್ಞೆಯಾಗಿಯೇ ಕಳಿಸಬೇಕು. ಅಮೆರಿಕನ್ ಇಂಗ್ಲಿಷಿಗೆಂದು ಮಾಡಿದ ವರ್ಣಮಾಲೆಯಾದ್ದರಿಂದ ‘ಳ’, ‘ಣ’ದಂಥ ಧ್ವನಿಗಳು ಯಾವ ಸಂಖ್ಯೆಗೂ ಒಲಿಯವು. ‘ಹಳ್ಳಿ’ ಎನ್ನಲು ಹೋದರೆ ಸ್ಪೀಕರ್ ‘ಹಲ್ಲಿ’ ಎನ್ನುತ್ತದೆ.

ಚಿಪ್ಪಿನ ಸ್ವರ ಯಾಂತ್ರಿಕ, ಏರಿಳಿತವಿಲ್ಲದ್ದು. ಅದರ ಲಯಕ್ಕೆ ಬೇಕಾದದ್ದು 3.12 ಮೆಗಾಹರ್ಟ್ಸ್‌ನ ಕ್ರಿಸ್ಟಲ್. ಅದು ಸಿಗದೆ ಅಮೆರಿಕದ ಬಣ್ಣದ ಟಿವಿಗಳಲ್ಲಿ ಬಳಸುತ್ತಿದ್ದ 3.58ರ ಕ್ರಿಸ್ಟಲ್ ಹಾಕಿದರೆ ಅದೇ ಮಾತು ತುಸು ಕೀಚಲಾಗಿ, ಅವಸರವಾಗಿ ಬರುತ್ತದೆ.

ಈಗ ಮಾತು ಪೂರ್ತಿ ಸಾಫ್ಟ್‌ವೇರಿನ ಕೆಲಸವಾಗಿದೆ. ಕಿಸೆಯ ಫೋನೇ ಕನ್ನಡ ಓದಿ ಹೇಳುತ್ತದೆ. ಆದರೂ ಒಳಗಿನ ಶಿಸ್ತು ಅದೇ: ಆಜ್ಞೆಗಳ ಸರದಿ, ‘ಸಿದ್ಧವಿದ್ದೇನೆ’ ಎಂಬ ಉತ್ತರ, ನಡುನಡುವೆ ಅಳತೆಯ ಮೌನ. ಕಣ್ಣು ಕಾಣದವರು ದಿನವಿಡೀ ನಂಬಿಕೊಂಡಿರುವ ಸ್ಕ್ರೀನ್ ರೀಡರುಗಳಲ್ಲಿ ಈ ಶಿಸ್ತು ತಪ್ಪಿದರೆ ಬ್ಯಾಂಕಿನ ಒಂದು ಅಂಕಿಯೇ ಕಿವಿಗೆ ಬೀಳದೆ ಹೋಗಬಹುದು. ಮಾತಾಡುವ ಯಂತ್ರ ಕಟ್ಟಲು ಹೊರಟ ವಿದ್ಯಾರ್ಥಿಗಳು ಇಂಥದೊಂದು ಹಳೆಯ ಚಿಪ್ಪನ್ನು ಒಮ್ಮೆಯಾದರೂ ತಮ್ಮ ಕೈಯಾರೆ ಮಾತಾಡಿಸಿ ನೋಡಬೇಕು. ಕಿವಿಗೆ ಬೇಕಾದ ವೇಗ ಯಾವುದೆಂದು ಯಂತ್ರಕ್ಕೆ ಹೇಳಿಕೊಡುವ ಹೊಣೆ ಅವರದೇ.