ಮೀನಿನ ಕಟ್ಲೆಟ್ ಜತೆ ಪಾವೋ, ಪುನರ್ಪುಳಿ ಸಾರೋ?

ಮಾಟುಂಗ ಅಂದರೆ ಊರಿನವರಿಗೆ ಇಡ್ಲಿ, ಫಿಲ್ಟರ್ ಕಾಫಿ, ಬಾಳೆ ಎಲೆ ಊಟ. 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇರುವುದು ಇಲ್ಲೇ, ಸ್ಟೇಷನ್ ಪಕ್ಕದಲ್ಲಿ. ಮೈಸೂರು ಅಸೋಸಿಯೇಷನ್ನಿಗೆ ನಾಟಕ ನೋಡಲು ಹೋದರೆ ಕನ್ನಡ ಕಿವಿಗೆ ಬೀಳುತ್ತದೆ. ಆದರೆ ಮೀನು ಬೇಕೆಂದರೆ ನಮ್ಮ ಪೂರ್ವದ ಕಡೆಯವರು ಹಳಿ ದಾಟಬೇಕು. ಝೆಡ್ ಬ್ರಿಜ್ ಹತ್ತಿ ಇಳಿದು ಸ್ವಲ್ಪ ನಡೆದರೆ ಸಿಟಿಲೈಟ್ ಬಳಿಯ ಗೋಪಿ ಟ್ಯಾಂಕ್ ಮಾರ್ಕೆಟ್. ಅಲ್ಲಿ ಕೋಳಿ ಹೆಂಗಸರ ಮುಂದೆ ಅಂಜಲ್ ಸುರಮಯಿಯಾಗುತ್ತದೆ, ಬಂಗುಡೆ ಬಾಂಗಡಾ, ಬೂತಾಯಿ ತಾರ್ಲಿ. ಸಮುದ್ರ ಮಾತ್ರ ಒಂದೇ.

ನಮ್ಮ ಮನೆಯಲ್ಲಿ ಮೂರು ವರ್ಷದಿಂದ ಒಂದು ತಕರಾರು. ಮಗಳಿಗೆ ಆರು ವರ್ಷವಿದ್ದಾಗ ಬಂಗುಡೆಯ ಮುಳ್ಳು ಗಂಟಲಿಗೆ ಸಿಕ್ಕಿತ್ತು. ಅಂದಿನಿಂದ ಮೀನು ಕಂಡರೆ ತಟ್ಟೆ ದೂಡುತ್ತಾಳೆ. ಚಳಿಗಾಲಕ್ಕೆ ಉಡುಪಿಯಿಂದ ಬರುವ ಅಮ್ಮನಿಗೆ ಇದು ದೊಡ್ಡ ಸಂಕಟ. ಮೊಮ್ಮಗಳಿಗೆ ತುಳು ಬರುವುದಿಲ್ಲ, ಕನ್ನಡ ಅರೆಬರೆ. ಇನ್ನು ಮೀನೂ ಬೇಡವೆಂದರೆ ಇಬ್ಬರೂ ಕೂತು ಮಾಡುವುದಾದರೂ ಏನು? ಹಾಗೆ ನಮ್ಮಲ್ಲಿಗೆ ಬಂದದ್ದು ಮೀನಿನ ಕಟ್ಲೆಟ್.

ಅಮ್ಮನ ಮೊದಲ ಪ್ರತಿಕ್ರಿಯೆ, "ಎಂತ ಮಾರಾಯ್ತಿ ಇದು, ಮೀನನ್ನು ಬಟಾಟೆಯೊಳಗೆ ಅಡಗಿಸಿಟ್ಟದ್ದು?" ಮಾತು ಸುಳ್ಳಲ್ಲ. ಹೆಚ್ಚಿನ ಕಡೆ ಸಿಗುವುದು ಮೀನಿನ ವಾಸನೆ ತೋರಿಸಿದ ಬಟಾಟೆ ಕಟ್ಲೆಟ್ಟೇ. ಮೀನು ಎರಡು ಪಾಲು, ಬಟಾಟೆ ಒಂದು ಪಾಲು ಇದ್ದರೆ ಮಾತ್ರ ಹೆಸರಿಗೆ ನ್ಯಾಯ.

ಅಂಜಲ್‌ನ ನಡುತುಂಡು ದುಬಾರಿ. ಕಟ್ಲೆಟ್ಟಿಗೆ ಬಾಲದ ಕಡೆಯದು ಧಾರಾಳ ಸಾಕು. ಅರ್ಧ ಕಿಲೋ ತುಂಡಿಗೆ ಉಪ್ಪು, ಅರಿಶಿನ, ಲಿಂಬೆರಸ ಸವರಿ ಇಡ್ಲಿ ಅಟ್ಟದಲ್ಲಿ ಹತ್ತು ನಿಮಿಷ ಹಬೆಯಲ್ಲಿ ಬೇಯಿಸುತ್ತೇನೆ. ನೀರಿನಲ್ಲಿ ಬೇಯಿಸಿದರೆ ಮೀನು ನೀರು ಕುಡಿದು ಉಂಡೆ ನಿಲ್ಲುವುದಿಲ್ಲ. ಮುಚ್ಚಿದ ಪಾತ್ರೆಯ ಹಬೆಗೆ ವಾಸನೆಯೂ ಕಡಿಮೆ; "ವೆಜ್ಜಾ, ನಾನ್‌ವೆಜ್ಜಾ?" ಎಂದು ಕೇಳಿಯೇ ಮನೆ ಬಾಡಿಗೆಗೆ ಕೊಡುವ ಈ ಊರಿನಲ್ಲಿ ಅದು ಸಣ್ಣ ವಿಷಯವಲ್ಲ. ಪೂರ್ತಿ ಆರಿದ ಮೇಲೆ ಬಿಡಿಸಿ, ಬೆರಳಲ್ಲಿ ತಡಕಿ ಮುಳ್ಳು ತೆಗೆಯಬೇಕು. ಈ ಕೆಲಸ ಅಮ್ಮನದು. ಕನ್ನಡಕ ಹಾಕಿಕೊಂಡು ನಾನು ಎರಡು ಸಲ ನೋಡಿದ್ದರಲ್ಲೂ ಅವರ ಬೆರಳಿಗೆ ಮತ್ತೆ ಎರಡು ಸಿಗುತ್ತವೆ.

ಬಟಾಟೆ ಎರಡು, ಸಿಪ್ಪೆ ಸಮೇತ ಬೇಯಿಸಿ, ಹಬೆ ಹೋಗುವವರೆಗೆ ತಟ್ಟೆಯಲ್ಲಿ ಹರಡಿ. ಈರುಳ್ಳಿ, ಶುಂಠಿ, ಹಸಿಮೆಣಸು, ಕರಿಬೇವನ್ನು ಸಣ್ಣಗೆ ಹೆಚ್ಚಿ ತೆಂಗಿನೆಣ್ಣೆಯಲ್ಲಿ ನೀರಾರುವಂತೆ ಹುರಿದು ಸೇರಿಸಿ. ಕಾಳುಮೆಣಸಿನ ಪುಡಿ, ಕೊತ್ತಂಬರಿ ಸೊಪ್ಪು ಬೇಕು. ಗರಂ ಮಸಾಲೆ ನನ್ನ ಮಟ್ಟಿಗೆ ಬೇಡ. ತಟ್ಟಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಕಾವಲಿಯಲ್ಲಿ ಒಡೆಯುವುದಿಲ್ಲ. ಆಮೇಲೆ ಮೊಟ್ಟೆಯಲ್ಲಿ ಅದ್ದಿ, ರವೆಯಲ್ಲಿ ಹೊರಳಿಸಿ, ಸ್ವಲ್ಪವೇ ಎಣ್ಣೆಯಲ್ಲಿ ಎರಡೂ ಬದಿ ಕೆಂಪಗೆ ಕಾಯಿಸುವುದು. ಸುಮಾರು ಹನ್ನೆರಡು ಆಗುತ್ತವೆ.

ಇಷ್ಟಾದರೆ ಅರ್ಧ ಕೆಲಸ. ಜತೆಗೇನು ಎಂಬಲ್ಲಿ ಜಗಳ ಶುರು. ಮಗಳಿಗೆ ಪಾವ್ ಬೇಕು, ಅಮ್ಮನಿಗೆ ಗಂಜಿ ಅಥವಾ ಕುಚ್ಚಲಕ್ಕಿ ಅನ್ನ. ನಾನು ಎರಡನ್ನೂ ಇಡುತ್ತೇನೆ, ಕಟ್ಲೆಟ್ ಒಂದೇ. ನೋಡಬೇಕಾದ್ದು ಕಟ್ಲೆಟ್ಟಿನಲ್ಲಿ ಏನಿಲ್ಲ ಎಂಬುದನ್ನು. ಅದು ಮೆತ್ತಗೆ, ಎಣ್ಣೆಯದು, ರಸವಿಲ್ಲದ್ದು. ಹಾಗಾಗಿ ಪಕ್ಕದಲ್ಲಿ ಹುಳಿ ಬೇಕು, ಕರುಕುರು ಬೇಕು, ಒಂದು ತೆಳ್ಳಗಿನದು ಬೇಕು. ಹಪ್ಪಳ ಬೇಡ, ಎಣ್ಣೆಯ ಮೇಲೆ ಎಣ್ಣೆ. ಬಟಾಟೆ ಪಲ್ಯವಂತೂ ಬೇಡವೇ ಬೇಡ. ಟೊಮೆಟೊ ಕೆಚಪ್‌ಗೆ ಹುಳಿಗಿಂತ ಸಿಹಿಯೇ ಜಾಸ್ತಿ. ಮೀನಿನ ರುಚಿಯನ್ನು ಮುಚ್ಚಿಹಾಕುತ್ತದೆ.

ಪಾವ್ ಜತೆ ಕೊತ್ತಂಬರಿ-ಪುದೀನ ಚಟ್ನಿ ಲಿಂಬೆ ಮುಂದಾಗಿ, ಮತ್ತೆ ಉಪ್ಪು ತಿಕ್ಕಿದ ಈರುಳ್ಳಿ. ಅನ್ನದ ಜತೆ ಪುನರ್ಪುಳಿ ಸಾರು. ಇದಕ್ಕೆ ಇಲ್ಲಿ ಪರದಾಡಬೇಕಿಲ್ಲ. ಮರಾಠಿಯವರ ಆಮ್ಸೂಲ್, ಅಂಗಡಿಯ ಕೋಕಂ, ನಮ್ಮ ಪುನರ್ಪುಳಿ ಎಲ್ಲವೂ ಒಂದೇ ಹಣ್ಣಿನ ಒಣಸಿಪ್ಪೆ. ಏಳೆಂಟು ಸಿಪ್ಪೆ ನೆನೆಸಿ, ಕುದಿಸಿ, ಉಪ್ಪು, ಚೂರು ಬೆಲ್ಲ, ಬೆಳ್ಳುಳ್ಳಿ ಒಗ್ಗರಣೆ. ಅದೇ ಹಣ್ಣಿಗೆ ತೆಂಗಿನ ಹಾಲು ಸೇರಿದರೆ ಕೊಂಕಣದ ಸೋಲ್‌ಕಢಿ, ಅದೂ ಒಗ್ಗುತ್ತದೆ. ಮಜ್ಜಿಗೆ ಮಾತ್ರ ನಮ್ಮಲ್ಲಿ ಇಲ್ಲ. ಬಂಗಾಲಿಗಳು ಮೊಸರಲ್ಲೇ ಮೀನು ಬೇಯಿಸುತ್ತಾರೆ ಎಂದು ಎಷ್ಟು ಹೇಳಿದರೂ ಅಮ್ಮ ಮೀನಿನ ದಿನ ಮೊಸರಿನ ಪಾತ್ರೆ ಹೊರಗೆ ತೆಗೆಯಲು ಬಿಡುವುದಿಲ್ಲ. ಕರುಕುರಿಗೆ ಹೆಸರುಬೇಳೆ-ಸೌತೆ ಕೋಸಂಬರಿ. ಬಾಕಿಯ ತೆಂಗಿನಕಾಯಿ, ಕರಿಬೇವು, ಕುಚ್ಚಲಕ್ಕಿ ಎಲ್ಲಾ ಮಾಟುಂಗ ಮಾರ್ಕೆಟ್ಟಿನಲ್ಲೇ ಸಿಗುತ್ತವೆ. ಮೀನು ಮಾರದ ಈ ಕಡೆಯ ಅಂಗಡಿಗಳೇ ನಮ್ಮ ಮೀನಿನ ಊಟವನ್ನು ಪೂರ್ತಿ ಮಾಡುವುದು ಒಂದು ತಮಾಷೆ.

ಈ ಸಲದ ಚಳಿಗಾಲದಲ್ಲಿ ಮಗಳು ಪಾವ್ ಮುಗಿಸಿ ಅಜ್ಜಿಯ ಬಟ್ಟಲಿನ ಸಾರಿಗೆ ಕಟ್ಲೆಟ್ ಅದ್ದಿ ತಿಂದಳು. ಅಮ್ಮ ಅದನ್ನು ಊರಿಗೆ ಫೋನ್ ಮಾಡಿ ಚಿಕ್ಕಮ್ಮನಿಗೆ ಹೇಳಿದರು. ಮುಳ್ಳಿರುವ ಬಂಗುಡೆ ಇನ್ನೂ ದೂರವೇ. ಆದರೆ ಮುಳ್ಳು ತೆಗೆಯುವಾಗ ಈಗ ಅಜ್ಜಿಯ ಪಕ್ಕ ಕೂರುತ್ತಾಳೆ, ಸಿಕ್ಕಿದ್ದನ್ನು ಎಣಿಸುತ್ತಾಳೆ, ಅದೂ ತುಳುವಿನಲ್ಲಿ: ಒಂಜಿ, ರಡ್ಡ್, ಮೂಜಿ.

ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ತಾಜಾ ಅಂಜಲ್ ಅಪರೂಪ. ಮೇ ಕೊನೆಯ ಭಾನುವಾರ ಎರಡು ಪಾಲು ಮಾಡಿ, ರವೆ ಹಚ್ಚಿ, ಕಾಯಿಸದೆ, ನಡುವೆ ಬೆಣ್ಣೆಕಾಗದ ಇಟ್ಟು ಫ್ರೀಜರಿಗೆ ಸೇರಿಸುತ್ತೇನೆ. ಮಳೆ ಬಂದು ಲೋಕಲ್ ನಿಂತು, ತಡವಾಗಿ ಮನೆ ಸೇರಿದ ರಾತ್ರಿ ಅವನ್ನು ಸಣ್ಣ ಉರಿಯಲ್ಲಿ ನೇರ ಕಾವಲಿಗೆ ಹಾಕಿದರಾಯಿತು. ಅಷ್ಟರಲ್ಲಿ ಸಾರು ಕುದಿದಿರುತ್ತದೆ.