ಸೋರುವ ಹೆಂಚು ಹನಿಯ ನೇರಕ್ಕೆ ಇರುವುದಿಲ್ಲ

ಹೆಂಚಿನ ಮನೆಯಲ್ಲಿ ಹನಿ ಬಿದ್ದ ಕೂಡಲೇ ಅದರ ನೇರಕ್ಕೆ ತಲೆಯೆತ್ತಿ ಒಡಕು ಹುಡುಕುತ್ತೇವೆ. ಅಲ್ಲಿನ ಹೆಂಚು ಬಹುಪಾಲು ಗಟ್ಟಿಯಾಗಿಯೇ ಇರುತ್ತದೆ. ಬಿರುಕಿನಲ್ಲಿ ನುಸುಳಿದ ನೀರು ಮೇಲ್ಮೈ ಎಳೆತದಿಂದಾಗಿ ಹೆಂಚಿನ ಅಡಿಗೇ ಅಂಟಿಕೊಂಡು ಇಳಿಜಾರಿನಲ್ಲಿ ಜಾರುತ್ತದೆ. ಹೆಂಚು ಹೊರುವ ಅಡ್ಡಪಟ್ಟಿಯಾದ ರೀಪು ಎದುರಾದರೆ ಅದರ ಗುಂಟ ಪಕ್ಕಕ್ಕೆ ಹರಿಯುತ್ತದೆ, ಇಳಿಜಾರಿನ ತೊಲೆಯಾದ ಪಕಾಸು ಸಿಕ್ಕಲ್ಲಿ ಮತ್ತೆ ಕೆಳಕ್ಕಿಳಿಯುತ್ತದೆ, ಮರದ ಗಂಟೋ ಮೊಳೆಯೋ ತಡೆದ ಕಡೆ ತೊಟ್ಟಿಕ್ಕುತ್ತದೆ. ಒಲೆಯ ಮೇಲೆ ಬೀಳುವ ಹನಿಗೆ ನಾಲ್ಕು ಸಾಲು ಮೇಲಿನ ಹೆಂಚು ಕಾರಣವಾಗಿರಬಹುದು.

ಮಂಗಳೂರು ಹೆಂಚಿನ ಮಾಡನ್ನು ನಾನು ಯಂತ್ರವೆಂದೇ ಎಣಿಸುತ್ತೇನೆ. 1865ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದು ಅಲ್ಲಿನ ಜೇಡಿಮಣ್ಣನ್ನು ಅಚ್ಚಿಗೆ ಹಾಕಿದಾಗ ಬಂದದ್ದು ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚು. ಒಂದರ ಅಂಚಿನ ಏಣು ಪಕ್ಕದ ಹೆಂಚಿನ ಗಾಡಿಯೊಳಗೆ, ಅಂದರೆ ತೋಡಿನೊಳಗೆ, ಕೂರುತ್ತದೆ. ಸಂದಿಗೆ ಬಿದ್ದ ಮಳೆನೀರು ಆ ಗಾಡಿಯಲ್ಲೇ ಇಳಿದು ಕೆಳಗಿನ ಹೆಂಚಿನ ಬೆನ್ನಿಗೆ ಸುರಿಯುತ್ತದೆ. ಅಂಟಿಲ್ಲ, ಬೆಸುಗೆಯಿಲ್ಲ, ಇರುವುದು ನೀರು ಹೊರಹೋಗುವ ದಾರಿಗಳು ಮಾತ್ರ.

ಆದ್ದರಿಂದಲೇ ಒಡೆಯದ ಹೆಂಚೂ ಸೋರಬಲ್ಲದು. ಗಾಡಿಯೊಳಗೆ ಪಾಚಿ, ತರಗೆಲೆಯ ಪುಡಿ ತುಂಬಿದರೆ ನೀರು ಅಲ್ಲೇ ನಿಂತು, ಕಿರಿದಾದ ಸಂದಿಯಲ್ಲಿ ಲೋಮನಾಳದ ಎಳೆತದಿಂದ ಮೇಲಕ್ಕೇ ಹತ್ತಿ ಒಳಗೆ ದಾಟುತ್ತದೆ. ಗೆದ್ದಲು ತಿಂದ ರೀಪು ಬಾಗಿದರೆ ಸಾಲು ಜಾರಿ ಬಾಯಿ ಬಿಡುತ್ತದೆ. ಗಾಳಿ ಎದ್ದಾಗ ಮಾತ್ರ ಸೋರುವ ಮನೆಯಲ್ಲಿ ಎರಚಲು ಇಂಥ ಬಾಯಿಯಿಂದಲೇ ನುಗ್ಗುತ್ತಿರಬಹುದು.

ಹುಡುಕುವ ಕೆಲಸ ಒಳಗಿನಿಂದ ಶುರುವಾಗಲಿ. ನಡುಹಗಲು ಅಟ್ಟದ ಕಿಟಕಿ ಮುಚ್ಚಿ ಕತ್ತಲು ಮಾಡಿದರೆ ಬಾಯಿಬಿಟ್ಟ ಸಂದಿಯಲ್ಲಿ ಬೆಳಕು ಕಾಣುತ್ತದೆ. ಕೂದಲೆಳೆಯ ಬಿರುಕು ಹಾಗೆ ಸಿಗದು. ಅದಕ್ಕೆ ಪೈಪಿನ ನೀರೇ ಬೇಕು. ಸೂರಿನ ಕಡೆಯಿಂದ ಹಿಡಿದು ಒಂದೊಂದೇ ಸಾಲು ನೆನೆಸುತ್ತ ಮೇಲಕ್ಕೆ ಹೋಗಬೇಕು. ನೆತ್ತಿಯಿಂದ ಸುರಿದರೆ ಮಾಡೆಲ್ಲ ಒಮ್ಮೆಗೇ ಒದ್ದೆಯಾಗಿ ಯಾವ ಸಾಲು ಸೋರಿತೆಂದು ತಿಳಿಯುವುದಿಲ್ಲ. ಒಳಗಿರುವವರು ತೇವದ ಗೆರೆಯನ್ನು ಮೇಲ್ಮುಖವಾಗಿ ಹಿಂಬಾಲಿಸಿ ಸೀಮೆಸುಣ್ಣದ ಗುರುತು ಹಾಕಲಿ. ಅನುಮಾನ ಬಂದ ಹೆಂಚನ್ನು ಬೆರಳಗೆಣ್ಣಿನಿಂದ ತಟ್ಟಿ: ಗಟ್ಟಿ ಹೆಂಚು ಠಣ್ ಎನ್ನುತ್ತದೆ, ಸೀಳಿದ್ದು ಮಂದ ಸದ್ದು ಕೊಡುತ್ತದೆ. ಅಡಿಭಾಗ ಬರೀ ಕಪ್ಪಗೆ ತೇವವಾಗಿದ್ದು ಹನಿ ಇಳಿಯದಿದ್ದರೆ ಗಾಬರಿ ಬೇಡ, ಮಣ್ಣು ಸ್ವಲ್ಪ ನೀರು ಹೀರುವುದು ಸಹಜ.

ಇಷ್ಟಾದ ಮೇಲೆ ಸಿಮೆಂಟು ಕಲಸಿಕೊಂಡು ಮೇಲೆ ಹತ್ತುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸಿಮೆಂಟು ಗಾಡಿಯನ್ನೇ ಮುಚ್ಚುತ್ತದೆ. ಹೊರಹೋಗಬೇಕಿದ್ದ ನೀರು ಉಕ್ಕಿ ಒಳಕ್ಕೆ ಬೀಳುತ್ತದೆ. ಬಿಸಿಲಿಗೆ ಅದೂ ಬಿರುಕು ಬಿಡುತ್ತದೆ, ಮುಂದೆ ಆ ಹೆಂಚು ಎತ್ತಲು ಹೋದರೆ ಪಕ್ಕದ್ದೂ ಒಡೆಯುತ್ತದೆ. ಒಡೆದದ್ದನ್ನು ಬದಲಿಸುವುದೇ ಸುಲಭ. ಮಾಡು ಒಣಗಿರುವಾಗ, ಏಣಿಗೆ ಒಬ್ಬರನ್ನು ನಿಲ್ಲಿಸಿ, ಹೆಂಚಿನ ನಡುವೆ ತುಳಿಯದೆ ಕೆಳಗೆ ರೀಪಿರುವ ಕಡೆಗೇ ಕಾಲಿಡಿ. ಮೇಲಿನ ಸಾಲನ್ನು ತುಸು ಎತ್ತಿ, ಒಡೆದದ್ದನ್ನು ಜಾರಿಸಿ ತೆಗೆದು, ಗಾಡಿ ಗುಡಿಸಿ, ಹೊಸದರ ಅಡಿಯ ಮೂಗು ರೀಪಿಗೆ ಸಿಕ್ಕುವಂತೆ ಕೂರಿಸಿದರೆ ಮುಗಿಯಿತು.

ಅಂಗಡಿಗೆ ಹೋಗುವಾಗ ಒಡೆದ ಹೆಂಚನ್ನೂ ಒಯ್ಯಿರಿ. ಒಂದು ಕಾರ್ಖಾನೆಯ ಏಣು ಇನ್ನೊಂದರ ಗಾಡಿಗೆ ಕೂರುವುದು ಅಪರೂಪ. ಹೆಂಚಿನ ಮುದ್ರೆ ನೋಡಿಯೇ ಕೊಳ್ಳಬೇಕು.